ಒಂದೇ ಸೂಜಿಗೆ ಎಲ್ಲ ಸ್ಕ್ಯಾನೂ ಆಗುತ್ತಾ?

ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು:

"ನನ್ನ ಅತ್ತಿಗೆಗೆ ಸ್ತನ ಕ್ಯಾನ್ಸರ್. ಶುರುವಿನ ಹಂತ ಅಂತಾರೆ. ಮೊದಲು ಮ್ಯಾಮೊಗ್ರಾಂ, ಆಮೇಲೆ ಅಲ್ಟ್ರಾಸೌಂಡ್, ಆಮೇಲೆ ಎಂಆರ್‌ಐ, ಈಗ ಪೆಟ್ ಸಿಟಿ. ಪ್ರತಿ ಸಲ ಕಾರು ಬಾಡಿಗೆ, ಪ್ರತಿ ಸಲ ಸೂಜಿ, ಪ್ರತಿ ಸಲ ಬಿಲ್ಲು. ವಾಟ್ಸಾಪಿನಲ್ಲಿ ಒಂದು ವಿಡಿಯೊ ಬಂತು. ನ್ಯಾನೋ ಕಣದ ಒಂದೇ ಇಂಜೆಕ್ಷನ್ ಕೊಟ್ಟರೆ ಎಲ್ಲ ಸ್ಕ್ಯಾನಿನಲ್ಲೂ ಕ್ಯಾನ್ಸರ್ ಹೊಳೆಯುತ್ತದಂತೆ. ಇದು ನಿಜವೇ? ನಿಜವಾದರೆ ಆಪರೇಷನ್ ಸ್ವಲ್ಪ ಮುಂದೂಡಿ ಕಾಯಬಹುದೇ? ಅಥವಾ ನಮ್ಮ ನ್ಯಾನೋ ಯೂರಿಯಾದ ಹಾಗೆ ಇದೂ ಬರೀ ಹೆಸರೋ?"

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನಕ್ಕೆ ಓದಿಕೊಳ್ಳಬಹುದು. ಕಾಯಬೇಡಿ. ವೈದ್ಯರು ಕೊಟ್ಟ ತಾರೀಕಿಗೆ ಅತ್ತಿಗೆಯನ್ನು ಕರೆದುಕೊಂಡು ಹೋಗಿ. ಎಲ್ಲ ಸ್ಕ್ಯಾನಿಗೂ ಒಂದೇ ಸೂಜಿ ಅನ್ನುವಂಥದ್ದು ಇವತ್ತು ಮಾಮೂಲಿ ಚಿಕಿತ್ಸೆಯಲ್ಲಿ ಇಲ್ಲ. ಹಾಗಂತ ಆ ವಿಡಿಯೊ ಪೂರ್ತಿ ಬುರುಡೆಯೂ ಅಲ್ಲ. ಅದು ಹೇಳುವುದರ ಒಂದು ಸಣ್ಣ ತುಂಡು ಈಗಾಗಲೇ ಆಪರೇಷನ್ ಥಿಯೇಟರಿಗೆ ಬಂದಿದೆ. ನಿಮ್ಮ ಅತ್ತಿಗೆಯ ಆಪರೇಷನ್ನಿಗೂ ಅದಕ್ಕೂ ನಂಟಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ. ನ್ಯಾನೋ ಯೂರಿಯಾದ ಜಗಳ ಮಾತ್ರ ಇನ್ನೊಂದು ಸಂಚಿಕೆಗಿರಲಿ.

ಪ್ರತಿ ಸಲ ಬೇರೆ ಬೇರೆ ಸ್ಕ್ಯಾನ್ ಯಾಕೆ ಅನ್ನುವ ನಿಮ್ಮ ಸಿಟ್ಟು ನನಗೆ ಗೊತ್ತು. ಕೆಲವು ವರ್ಷದ ಹಿಂದೆ ನನ್ನ ಚಿಕ್ಕಮ್ಮನನ್ನು ಕರೆದುಕೊಂಡು ನಾನೂ ಹೀಗೇ ಓಡಾಡಿದ್ದೇನೆ. ಒಂದು ಊರಿನಲ್ಲಿ ಎಂಆರ್‌ಐ ಆಯಿತು. ಹದಿನೈದು ದಿನ ಬಿಟ್ಟು ಇನ್ನೊಂದು ಊರಿನಲ್ಲಿ ಪೆಟ್ ಆಯಿತು. ಮೊದಲ ಆಸ್ಪತ್ರೆ ಕೊಟ್ಟ ಸಿ.ಡಿ. ಎರಡನೇ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಕೊನೆಗೆ ಆ ಡಾಕ್ಟರು ಎರಡು ಫಿಲ್ಮನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಒಂದರ ಮೇಲೆ ಬೆರಳಿಟ್ಟರು, ಆ ಬೆರಳನ್ನು ಹಾಗೇ ಪಕ್ಕದ ಫಿಲ್ಮಿಗೆ ಸರಿಸಿದರು. "ಇಲ್ಲಿ ಹೊಳೀತಾ ಇರೋದು ಅಲ್ಲಿ ಇರೋ ಈ ಗಂಟೇ ಇರಬೇಕು" ಅಂದರು. ಎರಡು ಬೇರೆ ದಿನದ ಚಿತ್ರ ಒಂದಕ್ಕೊಂದು ಹೊಂದುವುದು ಕಷ್ಟ. ಹೊಟ್ಟೆಯ ಭಾಗ ನೋಡಿ. ಒಂದು ದಿನ ಮೂತ್ರಕೋಶ ತುಂಬಿರುತ್ತದೆ, ಇನ್ನೊಂದು ದಿನ ಖಾಲಿ. ಕರುಳು ಇದ್ದ ಕಡೆ ಇರುವುದಿಲ್ಲ. ಆ "ಇರಬೇಕು" ಅನ್ನುವ ಪದ ನನ್ನ ಕಿವಿಯಲ್ಲಿ ತುಂಬ ದಿನ ಉಳಿಯಿತು. ನೀವು ಕೇಳುತ್ತಿರುವ ಸಂಶೋಧನೆ ನಡೆಯುತ್ತಿರುವುದು ಆ ಪದವನ್ನು ಅಳಿಸಲಿಕ್ಕೇ.

ಒಂದೊಂದು ಯಂತ್ರಕ್ಕೆ ಒಂದೊಂದು ಕಣ್ಣು. ಎಕ್ಸ್‌ರೇ ಮತ್ತು ಸಿಟಿ ಗಟ್ಟಿ–ಮೆತ್ತಗಿನ ವ್ಯತ್ಯಾಸ ನೋಡುತ್ತವೆ. ಅಲ್ಟ್ರಾಸೌಂಡ್ ಶಬ್ದದ ಮಾರ್ದನಿ ಕೇಳುತ್ತದೆ. ಎಂಆರ್‌ಐ ಮೈಯೊಳಗಿನ ನೀರು ಅಯಸ್ಕಾಂತಕ್ಕೆ ಹೇಗೆ ಮಿಡಿಯುತ್ತದೆ ಎಂದು ನೋಡುತ್ತದೆ, ಒಂದು ಮಿಲಿಮೀಟರಿನ ವಿವರ ಕೂಡ ಕೊಡುತ್ತದೆ. ಪೆಟ್ ಮಾತ್ರ ಬೇರೆ ಜಾತಿ. ಅದಕ್ಕೆ ಆಕಾರ ಬೇಕಿಲ್ಲ, ನಡತೆ ಬೇಕು. ವಿಕಿರಣ ಅಂಟಿಸಿದ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಬಿಟ್ಟು, ಅದನ್ನು ಯಾರು ಜಾಸ್ತಿ ನುಂಗುತ್ತಾರೆ ಎಂದು ಕಾದು ನೋಡುವುದು ಅದರ ಕೆಲಸ. ಹಸಿದ ಕ್ಯಾನ್ಸರ್ ಕೋಶ ಅಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಅತ್ತಿಗೆಯನ್ನೂ ಸೂಜಿ ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಒಂದು ಕೋಣೆಯಲ್ಲಿ ಮಲಗಿಸಿ, ಮಾತಾಡಬೇಡಿ, ಓಡಾಡಬೇಡಿ ಅಂದಿರಬೇಕು. ಚಿಕ್ಕಮ್ಮನಿಗೂ ಹಾಗೇ ಅಂದಿದ್ದರು. ಅವಳಿಗೆ ಸುಮ್ನೆ ಇರುವುದೇ ದೊಡ್ಡ ಶಿಕ್ಷೆ. ಅದರ ಹಿಂದಿನ ಕಾರಣ ಸರಳ. ಮಾತಾಡಿದರೆ ಗಂಟಲಿನ ಸ್ನಾಯು ಸಕ್ಕರೆ ನುಂಗುತ್ತದೆ, ಸ್ಕ್ಯಾನಿನಲ್ಲಿ ಗಂಟಲು ಹೊಳೆಯುತ್ತದೆ.

ಪೆಟ್‌ಗೆ ಕಳ್ಳ ಇದ್ದಾನೆ ಅಂತ ಗೊತ್ತಾಗುತ್ತದೆ, ಯಾವ ಮನೆಯಲ್ಲಿ ಅಂತ ಸ್ಪಷ್ಟವಾಗಿ ಹೇಳಲು ಬರುವುದಿಲ್ಲ. ನಾಲ್ಕೈದು ಮಿಲಿಮೀಟರಿಗಿಂತ ಸಣ್ಣದು ಅದಕ್ಕೆ ಮಸುಕು. ಅದಕ್ಕೇ ಡೇವಿಡ್ ಟೌನ್‌ಸೆಂಡ್ ಮತ್ತು ರೊನಾಲ್ಡ್ ನಟ್ ಇಬ್ಬರೂ ಸೇರಿ ಪೆಟ್ ಮತ್ತು ಸಿಟಿ ಎರಡನ್ನೂ ಒಂದೇ ಮಂಚಕ್ಕೆ ಜೋಡಿಸಿದರು. 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಯಂತ್ರ ರೋಗಿಗಳನ್ನು ನೋಡಿತು, 2001ರ ಹೊತ್ತಿಗೆ ಮಾರಾಟಕ್ಕೂ ಬಂತು. ರೋಗಿ ಏಳುವುದಿಲ್ಲ, ಮಗ್ಗುಲು ಬದಲಿಸುವುದಿಲ್ಲ, ಎರಡು ಚಿತ್ರವೂ ಒಂದರ ಮೇಲೊಂದು ಕೂರುತ್ತವೆ. ಮುಂದೆ ಪೆಟ್ ಮತ್ತು ಎಂಆರ್‌ಐ ಜೋಡಿಯೂ ಬಂತು. ಅಂದರೆ ಯಂತ್ರಗಳ ಮದುವೆ ಆಗಿ ಕಾಲು ಶತಮಾನ ಆಯಿತು. ಆಗದೆ ಉಳಿದಿರುವುದು ಸೂಜಿಯೊಳಗಿನ ಮದ್ದುಗಳ ಮದುವೆ.

ಅಲ್ಲಿಗೆ ನ್ಯಾನೋ ಕಣ ಬರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಈ ಕಣಗಳು 5ರಿಂದ 100ರ ಆಸುಪಾಸು. ಸ್ಕ್ಯಾನಿನಲ್ಲಿ ಎದ್ದು ಕಾಣಲಿ ಎಂದು ಚುಚ್ಚುವ ಮಾಮೂಲಿ ಕಾಂಟ್ರಾಸ್ಟ್ ಮದ್ದಿನ ಅಣು ತೀರಾ ಚಿಕ್ಕದು, ಅದರ ಮೇಲೆ ಇನ್ನೊಂದನ್ನು ಹೇರಲು ಜಾಗ ಸಾಲದು. ಕಣಕ್ಕೆ ಮೈಯಿದೆ. ಒಳಗೆ ಕಬ್ಬಿಣದ ಆಕ್ಸೈಡ್ ಇಟ್ಟರೆ ಎಂಆರ್‌ಐಗೆ ಕಾಣುತ್ತದೆ. ಮೈಗೆ ವಿಕಿರಣದ ಪರಮಾಣು ಅಂಟಿಸಿದರೆ ಪೆಟ್‌ಗೆ ಕಾಣುತ್ತದೆ. ಹೊಳೆಯುವ ಬಣ್ಣ ಸೇರಿಸಿದರೆ ಕ್ಯಾಮೆರಾಕ್ಕೆ ಕಾಣುತ್ತದೆ. ಕ್ಯಾನ್ಸರ್ ಕೋಶವನ್ನೇ ಹಿಡಿದುಕೊಳ್ಳುವ ಕೊಕ್ಕೆಯನ್ನೂ ಸಿಕ್ಕಿಸಬಹುದು. ಹೇಳಲು ಚೆನ್ನಾಗಿದೆ, ಅಲ್ವಾ? ಪ್ರಯೋಗಾಲಯಗಳಲ್ಲಿ ಇಂಥ ಕಣಗಳನ್ನು ರಾಶಿ ರಾಶಿ ಮಾಡಿದ್ದಾರೆ. ಇಲಿಗಳ ಮೇಲೆ ಚೆಂದದ ಚಿತ್ರಗಳೂ ಬಂದಿವೆ.

ತೊಡಕು ಎಲ್ಲಿದೆ ಅಂತ ನಿಮಗೆ ಹೇಳುವುದು ಸುಲಭ, ಯಾಕೆಂದರೆ ನೀವು ಮಳೆಗಾಲ ಹಿಡಿಯುವ ಮೊದಲು ಅಡಿಕೆಗೆ ಕೊಳೆ ಔಷಧಿ ಹೊಡೆಸುವವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡೂ ಸಮ ಬಿದ್ದರೆ ಮದ್ದು. ತುತ್ತ ಜಾಸ್ತಿಯಾದರೆ ಎಳೆಗಾಯಿ ಸುಡುತ್ತದೆ. ಈ ಸ್ಕ್ಯಾನ್ ಮದ್ದುಗಳಲ್ಲಿ ಆ ಸಮವೇ ಕೂಡಿಬರುವುದಿಲ್ಲ. ಪೆಟ್‌ಗೆ ಒಂದು ಚಿಟಿಕೆ ಸಾಕು, ಎಂಆರ್‌ಐಗೆ ಸೇರುಗಟ್ಟಲೆ ಬೇಕು. ಇದು ಉತ್ಪ್ರೇಕ್ಷೆ ಅಲ್ಲ, ಎರಡರ ನಡುವಿನ ಅಂತರ ಲಕ್ಷಪಟ್ಟಿಗಿಂತಲೂ ಹೆಚ್ಚು. ಎಂಆರ್‌ಐಗೆ ಕಾಣುವಷ್ಟು ಕಣ ಕೊಟ್ಟು, ಎಲ್ಲಕ್ಕೂ ವಿಕಿರಣ ಅಂಟಿಸಿದಿರೋ, ರೋಗಿಗೆ ವಿಪರೀತ ವಿಕಿರಣ. ಹಾಗಾಗಿ ಸಾವಿರಾರು ಕಣಗಳಲ್ಲಿ ಎಲ್ಲೋ ಒಂದಕ್ಕೆ ಮಾತ್ರ ಅಂಟಿಸುತ್ತಾರೆ. ಆಗ ಅದು "ಒಂದೇ ಕಣ" ಅನ್ನುವ ಮಾತೇ ಅರ್ಧ ಸುಳ್ಳಾಗುತ್ತದೆ.

ಹೊತ್ತಿನ ಲೆಕ್ಕವೂ ಹೊಂದುವುದಿಲ್ಲ. ಪೆಟ್‌ನ ಮಾಮೂಲಿ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ಕಣವೋ, ರಕ್ತದಲ್ಲಿ ಸುತ್ತಾಡಿ ಗೆಡ್ಡೆಗೆ ತಲುಪಲು ಕೆಲವೊಮ್ಮೆ ಒಂದು ದಿನ ತೆಗೆದುಕೊಳ್ಳುತ್ತದೆ. ಅದು ಮುಟ್ಟುವಷ್ಟರಲ್ಲಿ ದೀಪ ಆರಿರುತ್ತದೆ. ಹಾಗಾಗಿ ನಾಲ್ಕು ದಿನಕ್ಕೆ ಅರ್ಧ ಆಗುವ ಅಯೋಡಿನ್-124, ಮೂರು ದಿನದ ಜಿರ್ಕೋನಿಯಂ-89 ಇಂಥವನ್ನು ಹುಡುಕಬೇಕು. ದೀಪ ಜಾಸ್ತಿ ಹೊತ್ತು ಉರಿದರೆ ರೋಗಿಯ ಮೈಗೂ ಜಾಸ್ತಿ ವಿಕಿರಣ.

ಇನ್ನು ತಲುಪುವುದು. ಕ್ಯಾನ್ಸರ್ ಗೆಡ್ಡೆಯ ರಕ್ತನಾಳ ಸೋರುತ್ತವೆ, ಆದ್ದರಿಂದ ಕಣಗಳು ಅಲ್ಲೇ ಹೋಗಿ ಸಂಗ್ರಹವಾಗುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಯೇಡಾ 1986ರಲ್ಲಿ ತೋರಿಸಿದರು. ಈ ಇಡೀ ಕ್ಷೇತ್ರ ಆ ಮಾತಿನ ಮೇಲೆ ನಿಂತಿತು. ಮೂವತ್ತು ವರ್ಷ ಬಿಟ್ಟು, 2016ರಲ್ಲಿ, ಟೊರೊಂಟೊದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷದ ಪ್ರಯೋಗಗಳ ಲೆಕ್ಕವನ್ನೆಲ್ಲ ಒಟ್ಟಿಗೆ ಹಾಕಿತು. ಕೊಟ್ಟ ಕಣಗಳಲ್ಲಿ ಗೆಡ್ಡೆ ಮುಟ್ಟಿದ್ದು ಸಾಮಾನ್ಯವಾಗಿ ಶೇ. 0.7. ನೂರಕ್ಕೆ ಒಂದೂ ಇಲ್ಲ. ಅದೂ ಇಲಿಗಳಲ್ಲಿ. ಉಳಿದವು ಎಲ್ಲಿ? ಬಹುಪಾಲು ಪಿತ್ತಕೋಶದ ಪಕ್ಕದ ದೊಡ್ಡಣ್ಣ ಯಕೃತ್ತಿನಲ್ಲಿ, ಗುಲ್ಮದಲ್ಲಿ. ರಕ್ತದೊಳಗೆ ಗುರುತಿಲ್ಲದ ಪುಡಿ ಕಂಡರೆ ಹಿಡಿದು ನುಂಗುವುದೇ ಅವುಗಳ ಕಸುಬು.

ನುಂಗಿದ್ದು ಹೊರಗೆ ಬರಬೇಕಲ್ಲ? ಇದನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಇದಕ್ಕೊಂದು ಹಳೇ ಕಥೆ ಇದೆ. 1930ರ ಸುಮಾರಿಗೆ ಥೊರೊಟ್ರಾಸ್ಟ್ ಅನ್ನುವ ಎಕ್ಸ್‌ರೇ ಮದ್ದು ಬಂತು. ಥೋರಿಯಂ ಆಕ್ಸೈಡಿನ ಬಲು ನುಣುಪಾದ ಕಣಗಳು. ಆಗ ನ್ಯಾನೋ ಅನ್ನುವ ಫ್ಯಾಶನ್ ಇರಲಿಲ್ಲ, ಇದ್ದಿದ್ದರೆ ಡಬ್ಬಿಯ ಮೇಲೆ ಅದನ್ನೇ ಬರೆಯುತ್ತಿದ್ದರು. ಚಿತ್ರ ಅದ್ಭುತ. ಕೊಟ್ಟ ಕೂಡಲೇ ಯಾರಿಗೂ ಏನೂ ಆಗಲಿಲ್ಲ. ಜಗತ್ತಿನಾದ್ಯಂತ ಲಕ್ಷಾಂತರ ಜನರಿಗೆ ಚುಚ್ಚಿದರು. ಆದರೆ ಆ ಕಣಗಳು ಯಕೃತ್ತು ಬಿಟ್ಟು ಕದಲಲಿಲ್ಲ, ಥೋರಿಯಂ ಒಳಗೇ ಕೂತು ವಿಕಿರಣ ಸೂಸುತ್ತಾ ಹೋಯಿತು. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಆ ಜನರಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಂಡಿತು. ರೋಗ ನೋಡಲು ಕೊಟ್ಟ ಮದ್ದೇ ರೋಗ ತಂದಿತು. ಹೊಸ ಕಣಕ್ಕೆ ಅನುಮತಿ ಕೊಡಲು ಇಷ್ಟು ವರ್ಷ ಯಾಕೆ ಎಳೆಯುತ್ತಾರೆ ಎಂದು ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಹೀಗೆಂದು ಕಣಗಳೆಲ್ಲ ವ್ಯರ್ಥ ಅಂದುಕೊಳ್ಳಬೇಡಿ. ಇಂಥದೇ ನುಂಗಾಟವನ್ನು ಲಾಭಕ್ಕೆ ತಿರುಗಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಕಂಕುಳು, ತೊಡೆಸಂದು, ಕಿಬ್ಬೊಟ್ಟೆಗಳಲ್ಲಿ ಮೈಯ ದ್ರವ ಸೋಸುವ ದುಗ್ಧಗ್ರಂಥಿಗಳು ಇರುತ್ತವೆ, ಡಾಕ್ಟರುಗಳ ಬಾಯಲ್ಲಿ ಲಿಂಫ್ ನೋಡ್, ಚುಟುಕಾಗಿ ನೋಡ್. ಕ್ಯಾನ್ಸರ್ ಹರಡುವಾಗ ಮೊದಲು ಇಲ್ಲಿಗೇ ಬಂದು ಕೂರುವುದು ಜಾಸ್ತಿ. ಮಾಮೂಲಿ ಸ್ಕ್ಯಾನ್ ನೋಡ್ ಎಷ್ಟು ದಪ್ಪ ಇದೆ ಎಂದಷ್ಟೇ ಅಳೆಯುತ್ತದೆ. ಎಂಟು ಹತ್ತು ಮಿಲಿಮೀಟರ್ ದಾಟಿದರೆ ಅನುಮಾನ. ಅದಕ್ಕಿಂತ ಚಿಕ್ಕ ನೋಡಿನೊಳಗೆ ಕ್ಯಾನ್ಸರ್ ಅಡಗಿದ್ದರೆ ಗೊತ್ತೇ ಆಗುವುದಿಲ್ಲ. ಮುಕೇಶ್ ಹರಿಸಿಂಘಾನಿ ಮತ್ತು ಅವರ ಜೊತೆಗಾರರು ಪ್ರಾಸ್ಟೇಟ್ ಕ್ಯಾನ್ಸರಿನ 80 ರೋಗಿಗಳಿಗೆ ಕಬ್ಬಿಣದ ಆಕ್ಸೈಡಿನ ಕಣ ಕೊಟ್ಟು, ಒಂದು ದಿನ ಬಿಟ್ಟು ಎಂಆರ್‌ಐ ಮಾಡಿದರು. ಆರೋಗ್ಯವಾಗಿರುವ ನೋಡಿನ ಕಾವಲು ಕೋಶಗಳು ಕಬ್ಬಿಣವನ್ನು ನುಂಗುತ್ತವೆ, ನೋಡ್ ಚಿತ್ರದಲ್ಲಿ ಕಪ್ಪಾಗುತ್ತದೆ. ಕ್ಯಾನ್ಸರ್ ಕೂತ ಕಡೆ ನುಂಗುವವರೇ ಇಲ್ಲ, ಅಲ್ಲಿ ಬೆಳ್ಳಗೆ ಉಳಿಯುತ್ತದೆ. ಅಂದರೆ ಮದ್ದು ಹೋಗಿ ಕ್ಯಾನ್ಸರನ್ನು ಹಿಡಿಯುವುದಿಲ್ಲ. ಅದು ಉಳಿದದ್ದನ್ನೆಲ್ಲ ಕಪ್ಪು ಮಾಡಿ, ಕ್ಯಾನ್ಸರನ್ನು ಒಂಟಿಯಾಗಿ ನಿಲ್ಲಿಸುತ್ತದೆ. 2003ರಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಇದ್ದ ನೋಡುಗಳಲ್ಲಿ ಮಾಮೂಲಿ ಎಂಆರ್‌ಐ ಹಿಡಿದದ್ದು ಶೇ. 35.4, ಕಬ್ಬಿಣದ ಜೊತೆ ಹಿಡಿದದ್ದು ಶೇ. 90.5.

ಅಷ್ಟಾದರೂ ಆ ಮದ್ದು ಅಂಗಡಿಗೆ ಬರಲಿಲ್ಲ. 2005ರಲ್ಲಿ ಅಮೆರಿಕದ ಔಷಧ ಇಲಾಖೆಯ ಸಲಹಾ ಸಮಿತಿ ಒಪ್ಪಲಿಲ್ಲ, 2007ರಲ್ಲಿ ಯುರೋಪಿನಲ್ಲಿ ಕಂಪನಿಯೇ ಅರ್ಜಿ ವಾಪಸ್ ತೆಗೆದುಕೊಂಡಿತು. ನೆದರ್ಲೆಂಡ್ಸಿನ ನೈಮೇಗನ್‌ನಲ್ಲಿ ಯೆಲ್ಲೆ ಬಾರೆಂಟ್ಸ್ ಅವರ ತಂಡ ಪಟ್ಟು ಬಿಡದೆ ಅದನ್ನು ಮತ್ತೆ ಪ್ರಯೋಗಕ್ಕೆ ತಂದಿತು. ಒಳ್ಳೆಯ ಚಿತ್ರ ಕೊಡುವುದು ಒಂದು, ಎಲ್ಲ ಬಗೆಯ ಕ್ಯಾನ್ಸರಿಗೂ ಹಾಗೇ ಕೊಡುತ್ತದೆ ಎಂದು ಸಾಬೀತು ಮಾಡುವುದು ಇನ್ನೊಂದು.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಎರಡು ಸ್ಕ್ಯಾನನ್ನು ಒಂದೇ ಕಣಕ್ಕೆ ಕಟ್ಟುವ ಕೆಲಸದಲ್ಲಿ ಅರ್ಧಕ್ಕರ್ಧ ಸುಮ್ನೆ ಚಮತ್ಕಾರ. ಪೆಟ್ ಮತ್ತು ಸಿಟಿ ಯಂತ್ರದಲ್ಲೇ ಸೇರಿದ ಮೇಲೆ, ಅವೆರಡಕ್ಕೂ ಒಂದೇ ಮದ್ದು ಮಾಡಿ ರೋಗಿಗೆ ಸಿಗುವುದು ಕಡಿಮೆ. ನಿಜವಾದ ಕಂದಕ ಎರಡು ಸ್ಕ್ಯಾನಿನ ನಡುವೆ ಇಲ್ಲ. ಅದು ಸ್ಕ್ಯಾನ್ ಕೋಣೆಗೂ ಆಪರೇಷನ್ ಥಿಯೇಟರಿಗೂ ನಡುವೆ ಇದೆ. ಸ್ಕ್ಯಾನಿನಲ್ಲಿ ಕಂಡ ಚುಕ್ಕೆ, ಸರ್ಜನ್ ಚರ್ಮ ಬಿಚ್ಚಿದ ಮೇಲೆ ಕಾಣುವುದಿಲ್ಲ. ಅಲ್ಲಿರುವುದು ಹಳದಿ ಕೊಬ್ಬು, ರಕ್ತ, ಒಂದೇ ತರಹ ಕಾಣುವ ಗಂಟುಗಳು. ನಿನ್ನೆ ಸ್ಕ್ಯಾನಿನಲ್ಲಿ ಹೊಳೆದದ್ದೇ ಇವತ್ತು ಕಣ್ಣೆದುರೂ ಹೊಳೆದರೆ? ಒಂದು ಕಣಕ್ಕೆ ಎರಡು ಕೆಲಸ ಹೇರುವುದು ಅಲ್ಲಿ ಸಾರ್ಥಕ.

ಆಮ್‌ಸ್ಟರ್‌ಡಾಮಿನ ಕ್ಯಾನ್ಸರ್ ಸಂಸ್ಥೆಯವರು ಮಾಡಿದ್ದು ಇದನ್ನೇ, ಅದೂ ತೀರಾ ಬಡ ವಿಧಾನದಲ್ಲಿ. ಆಲ್ಬುಮಿನ್ ಅನ್ನುವ ಪ್ರೋಟೀನಿನ ನುಣುಪು ಕಣಗಳಿಗೆ ಟೆಕ್ನೀಷಿಯಂ ಅನ್ನುವ ವಿಕಿರಣ ವಸ್ತು ಅಂಟಿಸಿ ನೋಡ್ ಹುಡುಕುವುದು ಹಳೇ ಪದ್ಧತಿ. ಇಂಡೋಸಯನೀನ್ ಗ್ರೀನ್ ಅನ್ನುವ ಹಸಿರು ಬಣ್ಣವೂ ಹಳೆಯದೇ, 1950ರ ದಶಕದಿಂದ ಆಸ್ಪತ್ರೆಗಳಲ್ಲಿ ಇದೆ. ಆ ಬಣ್ಣಕ್ಕೆ ಆಲ್ಬುಮಿನ್ ಕಂಡರೆ ಅಂಟಿಕೊಳ್ಳುವ ಚಾಳಿ. ಇವರು ಎರಡನ್ನೂ ಒಂದೇ ಸೀಸೆಯಲ್ಲಿ ಬೆರೆಸಿದರು. ಬೇರೆ ರಸಾಯನ ಬೇಡ, ತಾನಾಗಿ ಅಂಟಿತು. 2011ರ ಹೊತ್ತಿಗೆ ರೋಗಿಗಳ ಮೇಲಿನ ವರದಿಗಳು ಬಂದವು. ಆಮೇಲೆ ಅದು ಹಲವು ಕ್ಯಾನ್ಸರುಗಳ ಆಪರೇಷನ್ನಿನಲ್ಲಿ ಬಳಕೆಯಾಗಿದೆ. ಮೊದಲು ಸ್ಕ್ಯಾನ್. ಟೆಕ್ನೀಷಿಯಂ ಸೂಸುವ ಗಾಮಾ ಕಿರಣ ಮಾಂಸ ದಾಟಿ ಬರುತ್ತದೆ, ನೋಡ್ ಯಾವ ಭಾಗದಲ್ಲಿದೆ ಎಂದು ಹೇಳುತ್ತದೆ. ಆಮೇಲೆ ಥಿಯೇಟರಿನಲ್ಲಿ ವಿಶೇಷ ಕ್ಯಾಮೆರಾ. ಬಣ್ಣದ ಬೆಳಕು ಒಂದು ಸೆಂಟಿಮೀಟರಿನಷ್ಟು ಆಳದಿಂದ ಮಾತ್ರ ಬರುತ್ತದೆ, ಆದರೆ ಬಂದಾಗ ಪರದೆಯ ಮೇಲೆ ಇದೇ ಅದು ಎಂದು ಬೆರಳಿಟ್ಟು ತೋರಿಸುತ್ತದೆ. ಗಾಮಾ ಊರು ತೋರಿಸಿದರೆ ಬೆಳಕು ಮನೆ ತೋರಿಸುತ್ತದೆ. ಬಣ್ಣ ಒಂದನ್ನೇ ಚುಚ್ಚಿದರೆ ಅದು ಮೊದಲ ನೋಡಿನಲ್ಲಿ ನಿಲ್ಲದೆ ಮುಂದಿನದಕ್ಕೆ ಹರಿದುಹೋಗುತ್ತದೆ. ಕಣಕ್ಕೆ ಅಂಟಿಕೊಂಡಾಗ ಅಲ್ಲೇ ನಿಲ್ಲುತ್ತದೆ.

ಹೊಸದಾಗಿ ಕಟ್ಟಿದ ಕಣವೇ ಬೇಕು ಅನ್ನುವವರಿಗೆ ಅಮೆರಿಕದ ಕಾರ್ನೆಲ್ ಡಾಟ್ ಇದೆ. ಉಲ್ರಿಕ್ ವೀಸ್ನರ್ ಮಾಡಿದ್ದು. ಮರಳಿನ ಜಾತಿಯ ಸಿಲಿಕಾ, ಒಳಗೆ ಹೊಳೆಯುವ ಬಣ್ಣ, ಮೇಲೆ ಅಯೋಡಿನ್-124, ಅಳತೆ 7 ನ್ಯಾನೋಮೀಟರಿನ ಆಸುಪಾಸು. ಅಷ್ಟು ಚಿಕ್ಕದಾಗಿ ಮಾಡಿದ್ದು ಮೂತ್ರಪಿಂಡ ಸೋಸಿ ಹೊರಗೆ ಹಾಕಲಿ ಎಂದು. ನ್ಯೂಯಾರ್ಕಿನಲ್ಲಿ ಮಿಶೆಲ್ ಬ್ರಾಡ್‌ಬರಿ ಅವರ ತಂಡ 2014ರಲ್ಲಿ ಚರ್ಮದ ಮೆಲನೋಮಾ ಕ್ಯಾನ್ಸರಿನ ಐವರು ರೋಗಿಗಳ ವರದಿ ಕೊಟ್ಟಿತು. ಕಣ ಮೂತ್ರದಲ್ಲಿ ಹೋಯಿತು, ತೊಂದರೆ ಕಾಣಲಿಲ್ಲ. ಐದು ಜನ, ನೆನಪಿಡಿ. ಆಮೇಲೆ ಆಪರೇಷನ್ ಹೊತ್ತಿನಲ್ಲಿ ನೋಡ್ ಹುಡುಕುವ ಪ್ರಯೋಗಗಳಿಗೂ ಅದೇ ಬಗೆಯ ಕಣ ಹೋಯಿತು.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಸಂಜೀವ್ ಸ್ಯಾಮ್ ಗಂಭೀರ್. ಅಂಬಾಲದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಸ್ಟ್ಯಾನ್‌ಫರ್ಡ್‌ನಲ್ಲಿ ಈ ವಿಷಯದ ದೊಡ್ಡ ಹೆಸರಾದವರು. 2012ರಲ್ಲಿ ಅವರ ತಂಡ ಚಿನ್ನದ ಕಣ ಒಂದನ್ನು ಮಾಡಿ ಇಲಿಗಳ ಮಿದುಳಿನ ಗೆಡ್ಡೆಯಲ್ಲಿ ತೋರಿಸಿತು. ಒಂದೇ ಕಣ ಆಪರೇಷನ್ನಿಗೆ ಮುಂಚೆ ಎಂಆರ್‌ಐಗೆ ಕಾಣುತ್ತಿತ್ತು. ಆಪರೇಷನ್ ನಡೆಯುವಾಗ ಬೆಳಕು ಹಾಯಿಸಿ ಅದರಿಂದ ಏಳುವ ಶಬ್ದ ಕೇಳುವ ಫೋಟೋಅಕೌಸ್ಟಿಕ್ ವಿಧಾನಕ್ಕೆ ಕಾಣುತ್ತಿತ್ತು. ಕೊನೆಗೆ ಚೂರುಪಾರು ಉಳಿದಿದೆಯಾ ಎಂದು ನೋಡಲು, ಬೆಳಕು ಚದುರುವ ಬಗೆಯಿಂದ ವಸ್ತುವನ್ನು ಗುರುತಿಸುವ ರಾಮನ್ ವಿಧಾನಕ್ಕೂ ಕಾಣುತ್ತಿತ್ತು. ಹೌದು, ನಮ್ಮ ಸಿ.ವಿ. ರಾಮನ್ ಅವರ ಪರಿಣಾಮವೇ. ಅದಾದ ಸ್ವಲ್ಪ ಕಾಲಕ್ಕೆ ಗಂಭೀರ್ ಅವರ ಒಬ್ಬನೇ ಮಗನಿಗೆ ಗ್ಲಿಯೋಬ್ಲಾಸ್ಟೋಮಾ ಬಂತು, ಮಿದುಳಿನ ಕ್ಯಾನ್ಸರ್. 2015ರಲ್ಲಿ ಹದಿಹರೆಯದಲ್ಲೇ ಅವನು ತೀರಿಕೊಂಡ. 2020ರಲ್ಲಿ ಗಂಭೀರ್ ಅವರೂ ಕ್ಯಾನ್ಸರಿನಿಂದಲೇ ಹೋದರು. ಆ ಚಿನ್ನದ ಕಣ ಮಾತ್ರ ಇಲಿಯಿಂದ ಮುಂದಕ್ಕೆ, ಮಾಮೂಲಿ ಚಿಕಿತ್ಸೆಗೆ, ಬಂದಿಲ್ಲ.

ಈಗ ನಿಮ್ಮ ಅತ್ತಿಗೆಯ ವಿಷಯ. ಶುರುವಿನ ಹಂತ ಅಂದಿದ್ದೀರಿ. ಹಾಗಿದ್ದರೆ ಸೆಂಟಿನಲ್ ನೋಡ್ ಬಯಾಪ್ಸಿ ಅನ್ನುವ ಮಾತು ಬಂದಿರಬಹುದು. ಸೆಂಟಿನಲ್ ಅಂದರೆ ಕಾವಲುಗಾರ. ಎದೆಯಿಂದ ಹರಿಯುವ ದ್ರವ ಕಂಕುಳಿನಲ್ಲಿ ಮೊದಲು ಮುಟ್ಟುವ ಒಂದೆರಡು ನೋಡುಗಳನ್ನು ಮಾತ್ರ ತೆಗೆದು ನೋಡುತ್ತಾರೆ. ಅವು ಶುದ್ಧವಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಮೊದಲೆಲ್ಲ ಕಂಕುಳನ್ನೇ ಖಾಲಿ ಮಾಡುತ್ತಿದ್ದರು. ಅದಾದ ಮೇಲೆ ಎಷ್ಟೋ ಹೆಂಗಸರ ಕೈ ಊದಿಕೊಂಡು, ಬಳೆ ಹಾಕಲಾಗದೆ, ಕೊಡ ಎತ್ತಲಾಗದೆ ಒದ್ದಾಡಿದ್ದಾರೆ. ನನ್ನ ಚಿಕ್ಕಮ್ಮನ ಪಕ್ಕದ ಹಾಸಿಗೆಯಲ್ಲಿ ಅಂಥವರೊಬ್ಬರಿದ್ದರು, ಕೈಯನ್ನು ದಿಂಬಿನ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಕೂರುತ್ತಿದ್ದರು.

ಆ ಕಾವಲು ನೋಡ್ ಹುಡುಕಲು ಟೆಕ್ನೀಷಿಯಂ ಅಂಟಿಸಿದ ಕಣ ಮತ್ತು ನೀಲಿ ಬಣ್ಣ ಎರಡನ್ನೂ ಕೊಡುವುದು ಹಳೆಯ ಪದ್ಧತಿ. ಸರ್ಜನ್ ಕೈಯಲ್ಲಿ ಪೆನ್ನಿನಂಥ ಪ್ರೋಬ್ ಇರುತ್ತದೆ, ನೋಡ್ ಹತ್ತಿರ ಬಂದಂತೆ ಬೀಪ್ ಬೀಪ್ ಜಾಸ್ತಿ. ಬಿಚ್ಚಿ ನೋಡಿದರೆ ನೀಲಿ. ವಿಡಿಯೊದವರು ಹೇಳುವ ಜೋಡಿ ವಿಧಾನದ ಬಡ ಅಣ್ಣ ಇದೇ. ವಿಕಿರಣ ವಿಭಾಗ ಇಲ್ಲದ ಆಸ್ಪತ್ರೆಗಳಲ್ಲಿ ಬರೀ ಬಣ್ಣ, ಕೆಲವು ಕಡೆ ಹಸಿರು ಬಣ್ಣ ಮತ್ತು ಕ್ಯಾಮೆರಾ. ಕಬ್ಬಿಣದ ಕಣ ಚುಚ್ಚಿ ಅಯಸ್ಕಾಂತದ ಪ್ರೋಬಿನಿಂದ ಹುಡುಕುವುದೂ ಇದೆ, ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿ ಚುಚ್ಚಿದ ಕಡೆ ಚರ್ಮದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ನಿಮ್ಮ ಸರ್ಜನ್ ಯಾವುದನ್ನು ಬಳಸುತ್ತಾರೆ ಎಂದು ಧಾರಾಳವಾಗಿ ಕೇಳಿ. ವಿಡಿಯೊ ತೋರಿಸಿ ವಾದ ಮಾಡುವುದಕ್ಕಿಂತ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ.

ಹೋಗುವಾಗ ಎಲ್ಲ ಸ್ಕ್ಯಾನಿನ ಸಿ.ಡಿ.ಗಳನ್ನೂ ಒಂದು ಪೆನ್ ಡ್ರೈವಿಗೆ ಹಾಕಿಸಿಕೊಳ್ಳಿ, ಫಿಲ್ಮನ್ನೂ ಬಿಡಬೇಡಿ. ಮೂತ್ರಪಿಂಡ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಹಳೆಯ ರಿಪೋರ್ಟ್ ಇದ್ದರೆ ಅದೂ ಇರಲಿ. ಅತ್ತಿಗೆ ಡಿಪ್ರೆಶನ್ನಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀಲಿ ಬಣ್ಣದಲ್ಲಿ ಮೆಥಿಲೀನ್ ಬ್ಲೂ ಆದರೆ ಕೆಲವು ಮಾತ್ರೆಗಳಿಗೂ ಅದಕ್ಕೂ ಆಗಿಬರುವುದಿಲ್ಲ. ನೀಲಿ ಹಾಕಿದ್ದರೆ ಮರುದಿನ ಮೂತ್ರ ಹಸಿರು ಹಸಿರಾಗಿ ಬರಬಹುದು. ನಮ್ಮ ಚಿಕ್ಕಮ್ಮನ ವಾರ್ಡಿನಲ್ಲಿ ಒಬ್ಬರು ಅದನ್ನು ನೋಡಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟಿದ್ದರು, ಯಾರೂ ಮೊದಲೇ ಹೇಳಿರಲಿಲ್ಲ. ಒಂದೆರಡು ದಿನಕ್ಕೆ ಸರಿಹೋಗುತ್ತದೆ. ಅತ್ತಿಗೆಗೆ ನೀವೇ ಹೇಳಿಬಿಡಿ. ಸಂಕೋಚ ಆದರೆ ಈ ಪುಟ ಕೊಡಿ.